ಉದ್ಯೋಗದ ಹೊಸ್ತಿಲವರೆಗಿನ ದಾರಿ: ವಿಕಲಚೇತನರ ದುಡಿಮೆಯೂ ಸ್ಥಳೀಯ ನೆರವೂ

1. ಅಂಕಿಗಳು ಹೇಳುವುದೇನು?

ನಿರುದ್ಯೋಗವೆಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆಯಾದರೂ ಅದರ ಶಾಸ್ತ್ರೀಯವಾದ ಅರ್ಥವು ವ್ಯವಹಾರದ ಅರ್ಥಕ್ಕಿಂತ ಬಹಳ ಸಂಕುಚಿತವಾದುದು. ಕೆಲಸವಿಲ್ಲದವರನ್ನೆಲ್ಲ ಅರ್ಥಶಾಸ್ತ್ರವು ನಿರುದ್ಯೋಗಿಗಳೆಂದು ಎಣಿಸುವುದಿಲ್ಲ. ಕೆಲಸವಿಲ್ಲದಿದ್ದು ಅದನ್ನು ಹುಡುಕುತ್ತಿರುವವರನ್ನು, ಇಲ್ಲವೆ ದೊರೆತರೆ ಮಾಡಲು ಸಿದ್ಧರಾಗಿರುವವರನ್ನು ಮಾತ್ರ ಹಾಗೆ ಎಣಿಸುತ್ತದೆ. ಹುಡುಕುವುದನ್ನೇ ಬಿಟ್ಟವರು, ಅಥವಾ ಹುಡುಕಬಹುದೆಂಬ ಯೋಚನೆಯೇ ಬಾರದವರು, ಲೆಕ್ಕದ ಈ ಕಡೆಗೂ ಸೇರುವುದಿಲ್ಲ, ಆ ಕಡೆಗೂ ಸೇರುವುದಿಲ್ಲ. ಅವರು ಶ್ರಮಬಲದ ಹೊರಗೆ ಉಳಿದವರು.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ವಿಕಲಚೇತನರಿಗೆ ಸಂಬಂಧಿಸಿದ ಅಂಕಿಗಳನ್ನು ನೋಡಿದರೆ ಒಂದು ವಿಚಿತ್ರ ಸಂಗತಿ ಹೊಳೆಯುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೆಯ ಸುತ್ತು 2018ರ ಜುಲೈಯಿಂದ ಡಿಸೆಂಬರ್‌ವರೆಗೆ ನಡೆಯಿತು. ಅದರ ಪ್ರಕಾರ 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಿಕಲಚೇತನರಲ್ಲಿ ನಿರುದ್ಯೋಗದ ಪ್ರಮಾಣ ನೂರಕ್ಕೆ 4.2 ಮಾತ್ರ. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ನಾಡಿನ ಸಮಸ್ತ ಜನರಲ್ಲಿ ಆ ಪ್ರಮಾಣ ನೂರಕ್ಕೆ ಸುಮಾರು 6ರಷ್ಟಿದ್ದಿತು. ಹಾಗಾದರೆ ವಿಕಲಚೇತನರಿಗೆ ಇತರರಿಗಿಂತ ಸುಲಭವಾಗಿ ಕೆಲಸ ಸಿಗುತ್ತದೆಯೆ? ಉತ್ತರವು ಅದೇ ಸಮೀಕ್ಷೆಯ ಇನ್ನೊಂದು ಸಾಲಿನಲ್ಲಿದೆ. ಅವರಲ್ಲಿ ಶ್ರಮಬಲದೊಳಗೆ ಇದ್ದವರು ನೂರಕ್ಕೆ 23.8 ಜನ, ಸಮಸ್ತ ಜನರಲ್ಲಿಯಾದರೋ ಸುಮಾರು 50 ಜನ. ನೂರು ಮಂದಿ ವಿಕಲಚೇತನರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 23 ಮಂದಿ ದುಡಿಯುತ್ತಿದ್ದಾರೆ. ಒಬ್ಬರು ಕೆಲಸ ಹುಡುಕುತ್ತಿದ್ದಾರೆ. ಉಳಿದ 76 ಮಂದಿ ದುಡಿಯುತ್ತಲೂ ಇಲ್ಲ, ಹುಡುಕುತ್ತಲೂ ಇಲ್ಲ. ಇವರಲ್ಲಿ ವೃದ್ಧರ ಸಂಖ್ಯೆ ಅಧಿಕವಾದುದರಿಂದ ಈ ಹೋಲಿಕೆಯನ್ನು ತೂಗಿ ನೋಡಬೇಕೆಂಬುದು ನಿಜ. ಆದರೂ ಅಂತರವು ವೃದ್ಧಾಪ್ಯವೊಂದರಿಂದಲೇ ಆದದ್ದೆಂದು ತಳ್ಳಿಹಾಕುವಷ್ಟು ಚಿಕ್ಕದಲ್ಲ.

ಇದರಿಂದ ನಾವು ಗ್ರಹಿಸಬೇಕಾದುದೇನೆಂದರೆ, ವಿಕಲಚೇತನರ ಮುಖ್ಯ ಸಮಸ್ಯೆ ಬಾಗಿಲನ್ನು ತಟ್ಟಿ ಹಿಂತಿರುಗಿದ್ದಲ್ಲ, ಬಾಗಿಲವರೆಗೆ ಬಾರದೇ ಇದ್ದದ್ದು. ಈ ದಾರಿಯಲ್ಲಿ ಅಡ್ಡಿಗಳು ಎಲ್ಲೆಲ್ಲಿವೆ, ಅವುಗಳನ್ನು ದಾಟಿಸುವ ನೆರವು ಎಲ್ಲಿಂದ ಬರಬೇಕು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

2. ಅಡ್ಡಿಗಳ ಸ್ವರೂಪ

2011ರ ಜನಗಣತಿಯಂತೆ ಭಾರತದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಕರ್ನಾಟಕದಲ್ಲಿ ಅವರ ಸಂಖ್ಯೆ 13 ಲಕ್ಷವನ್ನು ಮೀರಿದ್ದಿತು. ದೇಶದ ಮಟ್ಟದಲ್ಲಿ ಅವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಗ್ರಾಮವಾಸಿಗಳು. ಆದುದರಿಂದ ನಮ್ಮ ವಿಚಾರವನ್ನು ಹಳ್ಳಿಯಿಂದಲೇ ಆರಂಭಿಸುವುದು ಯುಕ್ತ.

ವಿಷಯ ಸ್ಪಷ್ಟವಾಗುವುದಕ್ಕಾಗಿ ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ತಾಲ್ಲೂಕು ಕೇಂದ್ರದಿಂದ ಹದಿನೆಂಟು ಕಿಲೋಮೀಟರ್ ದೂರದ ಒಂದು ಊರು. ಅಲ್ಲಿ ಎಸ್.ಎಸ್.ಎಲ್.ಸಿ. ತೇರ್ಗಡೆಯಾದ ಇಪ್ಪತ್ತನಾಲ್ಕು ವರ್ಷದ ಯುವತಿಯೊಬ್ಬಳಿದ್ದಾಳೆ. ಬಾಲ್ಯದ ಅಪಘಾತದಿಂದ ಅವಳ ಬಲಗಾಲಿನ ಶಕ್ತಿ ಕುಂದಿದೆ. ಊರುಗೋಲಿನ ಸಹಾಯದಿಂದ ನಡೆಯಬಲ್ಲಳು. ಓದು ಬರಹ ಬಲ್ಲಳು, ಲೆಕ್ಕದಲ್ಲಿ ಚುರುಕು. ಆದರೂ ಅವಳು ಕೆಲಸ ಹುಡುಕುತ್ತಿಲ್ಲ. ಏಕೆ?

ಮೊದಲನೆಯದಾಗಿ, ಸರ್ಕಾರದ ಯಾವುದೇ ಸೌಲಭ್ಯಕ್ಕೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಅದಕ್ಕಾಗಿ ಅರ್ಜಿ ಹಾಕಬೇಕು, ಆಸ್ಪತ್ರೆಗೆ ಹೋಗಬೇಕು, ವೈದ್ಯರ ಮುಂದೆ ಹಾಜರಾಗಬೇಕು; ಒಂದೇ ಸಲದಲ್ಲಿ ಕೆಲಸ ಮುಗಿಯದಿದ್ದರೆ ಮತ್ತೆ ಹೋಗಬೇಕು. ಪ್ರತಿಸಲವೂ ಬಸ್ಸಿನ ಖರ್ಚು. ಜೊತೆಗೆ ಹೋಗುವ ತಂದೆಗೋ ಅಣ್ಣನಿಗೋ ಒಂದು ದಿನದ ಕೂಲಿಯ ನಷ್ಟ. 2018ರ ಸಮೀಕ್ಷೆಯಲ್ಲಿ ಪ್ರಮಾಣಪತ್ರ ಪಡೆದಿದ್ದ ವಿಕಲಚೇತನರು ನೂರಕ್ಕೆ 28.8 ಮಂದಿ ಮಾತ್ರ ಎಂಬುದನ್ನು ಇಲ್ಲಿ ಸ್ಮರಿಸಬೇಕು. ಎರಡನೆಯದು ಮನೆಯವರ ಭಾವನೆ. 'ನೀನೇಕೆ ದುಡಿಯಬೇಕು ಮಗು, ನಾವಿಲ್ಲವೆ?' ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ವರ್ಷಗಟ್ಟಲೆ ಕೇಳಿದ ಆ ಮಾತು ಕೊನೆಗೆ ತೀರ್ಪಾಗಿ ನಿಲ್ಲುತ್ತದೆ. ಮೂರನೆಯದು ಮಾಸಾಶನದ ಭಯ. ಮಾಸಾಶನಕ್ಕೆ ಆದಾಯದ ಮಿತಿಯಿರುವುದರಿಂದ, ಕೆಲಸಕ್ಕೆ ಸೇರಿದರೆ ತಿಂಗಳು ತಿಂಗಳೂ ಬರುವ ಅಷ್ಟಿಷ್ಟು ಹಣ ನಿಂತುಹೋಗಿ, ಕೆಲಸವೂ ನಿಲ್ಲದೆ ಹೋದರೆ ಎರಡಕ್ಕೂ ಎರವಾದಂತಾದೀತೆಂಬ ಅಂಜಿಕೆ. ಈ ಅಂಜಿಕೆ ಅವಿವೇಕದ್ದಲ್ಲ. ನಾಲ್ಕನೆಯದು ಸುದ್ದಿಯ ಅಭಾವ. ಕೆಲಸ ಖಾಲಿಯಿರುವ ವಿಷಯ ಸಂತೆಯಲ್ಲಿ, ಹೋಟೆಲಿನಲ್ಲಿ, ಅರಳಿಕಟ್ಟೆಯಲ್ಲಿ ಮಾತಾಗಿ ಹರಡುತ್ತದೆ. ಮನೆಯೊಳಗೆ ಇರುವವರಿಗೆ ಅದು ತಲುಪುವುದಿಲ್ಲ.

ಇವುಗಳಲ್ಲಿ ಯಾವುದೊಂದೂ ದುರ್ಗಮವಾದ ಕೋಟೆಯಲ್ಲ. ಪ್ರತಿಯೊಂದೂ ಒಂದು ಹೊಸ್ತಿಲಿನಷ್ಟು ಎತ್ತರದ್ದು. ಆದರೆ ಒಂದರ ಹಿಂದೊಂದು ಹತ್ತು ಹೊಸ್ತಿಲುಗಳಿದ್ದಾಗ ದಾಟುವವರ ಸಂಖ್ಯೆ ಒಂದೊಂದರಲ್ಲಿಯೂ ಕ್ಷೀಣಿಸುತ್ತ ಹೋಗುತ್ತದೆ. ಇನ್ನೂ ಒಂದು ಮಾತು: ಈ ಅಡ್ಡಿಗಳಲ್ಲಿ ಒಂದೂ ಆ ಯುವತಿಯ ಕಾಲಿನಲ್ಲಿಲ್ಲ. ಅಂಗದ ಊನವೇ ಬೇರೆ, ಆ ಊನವುಳ್ಳವರನ್ನು ಹೊರಗಿಡುವ ಸಮಾಜವ್ಯವಸ್ಥೆಯೇ ಬೇರೆ ಎಂಬ ವಿವೇಚನೆ ಬ್ರಿಟನ್ನಿನ ವಿಕಲಚೇತನರ ಚಳವಳಿಯಲ್ಲಿ 1970ರ ದಶಕದಲ್ಲಿ ರೂಪುಗೊಂಡಿತು. ಮೈಕೆಲ್ ಆಲಿವರ್ ಎಂಬ ವಿದ್ವಾಂಸರು 1983ರಲ್ಲಿ ಅದಕ್ಕೆ ಸಾಮಾಜಿಕ ಮಾದರಿಯೆಂದು ಹೆಸರಿಟ್ಟರು. ನಮ್ಮ ನಿದರ್ಶನವು ಅದಕ್ಕೆ ಒಪ್ಪುವಂತೆಯೇ ಇದೆ.

3. ಕಾನೂನು ಮಾಡಿದ್ದು, ಮಾಡಲಾರದ್ದು

ಸ್ವತಂತ್ರ ಭಾರತವು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿರಲಿಲ್ಲ. 1959ರಲ್ಲಿ ಮುಂಬಯಿಯಲ್ಲಿ ಅಂಗವಿಕಲರಿಗಾಗಿಯೇ ವಿಶೇಷ ಉದ್ಯೋಗ ವಿನಿಮಯ ಕೇಂದ್ರವೊಂದು ಆರಂಭವಾಯಿತು. 1968ರಲ್ಲಿ ಮುಂಬಯಿ ಮತ್ತು ಹೈದರಾಬಾದುಗಳಲ್ಲಿ ವೃತ್ತಿ ಪುನರ್ವಸತಿ ಕೇಂದ್ರಗಳು ಹುಟ್ಟಿದುವು. 1977ರಲ್ಲಿ ಕೇಂದ್ರ ಸರ್ಕಾರದ ಕೆಳದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ 3ರ ಮೀಸಲಾತಿ ಬಂದಿತು. 1995ರ ಕಾಯಿದೆಯು ಮೀಸಲಾತಿಗೆ ಶಾಸನದ ಬಲ ಕೊಟ್ಟಿತು. 2006ರಲ್ಲಿ ವಿಶ್ವಸಂಸ್ಥೆಯು ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ 27ನೆಯ ಅನುಚ್ಛೇದವು ದುಡಿಯುವ ಹಕ್ಕನ್ನು ಕುರಿತದ್ದು. ಭಾರತವು 2007ರಲ್ಲಿ ಅದನ್ನು ಸ್ಥಿರೀಕರಿಸಿತು. ಆ ಒಡಂಬಡಿಕೆಗೆ ಅನುಗುಣವಾಗಿ ರಚಿತವಾದುದೇ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ. ಅದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ 4ಕ್ಕೆ ಕಡಿಮೆಯಿಲ್ಲದ ಮೀಸಲಾತಿಯನ್ನು ವಿಧಿಸುತ್ತದೆ.

ಆ ಕಾಯಿದೆಯಲ್ಲಿ ಮೀಸಲಾತಿಗಿಂತಲೂ ಆಳವಾದ ಒಂದು ತತ್ತ್ವವಿದೆ. ಅದನ್ನು ಯುಕ್ತ ಹೊಂದಾಣಿಕೆ ಎಂದು ಕರೆಯೋಣ. ಕೆಲಸಕ್ಕೆ ಮನುಷ್ಯನನ್ನು ಹೊಂದಿಸುವುದಲ್ಲದೆ ಮನುಷ್ಯನಿಗೆ ಕೆಲಸವನ್ನೂ, ಕೆಲಸದ ಸ್ಥಳವನ್ನೂ ಅಷ್ಟಿಷ್ಟು ಹೊಂದಿಸಿಕೊಡುವುದು. ಹಾಗೆ ಹೊಂದಿಸುವ ಹೊರೆಯು ಕೆಲಸ ಕೊಡುವವರಿಗೆ ಮಿತಿಮೀರದಂತೆ ನೋಡಿಕೊಳ್ಳುವುದು. ಅಂಧನ ಗಣಕಯಂತ್ರದಲ್ಲಿ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ, ಗಾಲಿಕುರ್ಚಿಯವರಿಗೆ ಇಳಿಜಾರು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವನಿಗೆ ಔಷಧದ ಮಂಪರು ಇಳಿದ ಮೇಲೆ ಆರಂಭವಾಗುವ ಪಾಳಿ: ಇವೆಲ್ಲ ಅದರ ಉದಾಹರಣೆಗಳು. 2021ರಲ್ಲಿ ವಿಕಾಸ್ ಕುಮಾರ್ ಎಂಬವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ಹೊಂದಾಣಿಕೆಯನ್ನು ನಿರಾಕರಿಸುವುದು ಭೇದಭಾವಕ್ಕೆ ಸಮಾನವೆಂಬುದನ್ನು ಸ್ಪಷ್ಟಪಡಿಸಿತು.

ಇಷ್ಟೆಲ್ಲ ಇದ್ದೂ ನಮ್ಮ ಯುವತಿ ಮನೆಯಲ್ಲಿಯೇ ಇದ್ದಾಳೆ. ಏಕೆಂದರೆ ಕಾನೂನು ಮುಖ್ಯವಾಗಿ ತನ್ನ ಬಳಿಗೆ ಬಂದವರೊಡನೆ ಮಾತನಾಡುತ್ತದೆ. ಅರ್ಜಿ ಹಾಕಿದವರನ್ನು ತಿರಸ್ಕರಿಸಬಾರದೆಂದು ಅದು ಆಜ್ಞಾಪಿಸಬಲ್ಲದು. ಅರ್ಜಿಯನ್ನೇ ಹಾಕದವರ ಮನೆಗೆ ಹೋಗಿ ಜಗುಲಿಯ ಮೇಲೆ ಕುಳಿತು ಮಾತನಾಡಿಸಲಾರದು. ಆ ಕೆಲಸಕ್ಕೆ ಮನುಷ್ಯರೇ ಬೇಕು, ಅದೂ ಹತ್ತಿರದ ಮನುಷ್ಯರು.

4. ಹತ್ತಿರದ ನೆರವು

ಇದು ಹೊಸ ಆಲೋಚನೆಯೇನಲ್ಲ. 1978ರಲ್ಲಿ ಆಲ್ಮಾ ಆಟಾ ನಗರದಲ್ಲಿ ಸೇರಿದ ಆರೋಗ್ಯ ಸಮ್ಮೇಳನದ ಅನಂತರ ವಿಶ್ವ ಆರೋಗ್ಯ ಸಂಸ್ಥೆಯು ಸಮುದಾಯಾಧಾರಿತ ಪುನರ್ವಸತಿ ಎಂಬ ಪದ್ಧತಿಯನ್ನು ಬೆಳೆಸಿತು. ದೊಡ್ಡ ನಗರದ ದೊಡ್ಡ ಸಂಸ್ಥೆಗೆ ಎಲ್ಲರನ್ನೂ ಕರೆತರುವುದು ಅಸಾಧ್ಯ. ಆದುದರಿಂದ ವಿದ್ಯೆಯನ್ನೂ ನೆರವನ್ನೂ ಅವರಿರುವ ಊರಿಗೇ ಒಯ್ಯಬೇಕೆಂಬುದು ಅದರ ಸಾರ. 2010ರಲ್ಲಿ ಪ್ರಕಟವಾದ ಅದರ ಮಾರ್ಗದರ್ಶಿಯು ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ ಜೀವನ, ಸಬಲೀಕರಣ ಎಂಬ ಐದು ಅಂಗಗಳನ್ನು ಹೇಳುತ್ತದೆ. ಜೀವನೋಪಾಯವು ಇತರ ನಾಲ್ಕರ ಮಧ್ಯದಲ್ಲಿರುವುದು ಗಮನಾರ್ಹ. ಅವುಗಳಿಂದ ಬೇರ್ಪಡಿಸಿ ಕೆಲಸವೊಂದನ್ನೇ ಕೊಡಿಸಲು ಹೊರಟರೆ ಅದು ನಿಲ್ಲುವುದಿಲ್ಲ.

ಇದಕ್ಕೆ ಕರ್ನಾಟಕದಲ್ಲಿಯೇ ಒಂದು ಒಳ್ಳೆಯ ನಿದರ್ಶನವುಂಟು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 2005ರ ಸುಮಾರಿನಿಂದ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದವರನ್ನು ಊರೂರುಗಳಲ್ಲಿ ಗುರುತಿಸಿ, ಅವರಿಗೆ ಸಮೀಪದಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡಿ, ಅವರ ಸ್ಥಿತಿಯನ್ನು ವರ್ಷಗಳ ಕಾಲ ಅಭ್ಯಸಿಸಿದರು. ಚಿಕಿತ್ಸೆಯನ್ನು ಪಡೆದವರಲ್ಲಿ ಅಸಾಮರ್ಥ್ಯದ ಪ್ರಮಾಣ ಕಡಿಮೆಯಾದುದನ್ನು ಅವರ ಅಧ್ಯಯನಗಳು ತೋರಿಸಿವೆ. ಮಲೆನಾಡಿನಲ್ಲಿ ಅಡಿಕೆ ಸುಲಿಯುವುದು, ಒಣಗಿಸುವುದು, ಆರಿಸುವುದು ಮುಂತಾಗಿ ನಾನಾ ತರದ ಕೆಲಸಗಳಿರುವುದರಿಂದ ಚೇತರಿಸಿಕೊಂಡ ಮನುಷ್ಯನು ತನ್ನ ಶಕ್ತಿಗೆ ತಕ್ಕುದನ್ನು ಹಿಡಿದು ಮೆಲ್ಲಮೆಲ್ಲನೆ ದುಡಿಮೆಗೆ ಮರಳಲು ಅವಕಾಶವಿದೆ. ಔಷಧವು ಊರಿಗೆ ಬಂದಿತೆಂದರೆ ಮನುಷ್ಯನು ತೋಟಕ್ಕೆ ಹೋಗುವುದು ಸುಲಭವಾಗುತ್ತದೆ.

ಕರ್ನಾಟಕ ಸರ್ಕಾರವು ಈ ಶತಮಾನದ ಮೊದಲ ದಶಕದಲ್ಲಿ ಕೈಗೊಂಡ ಒಂದು ಏರ್ಪಾಡು ಇಲ್ಲಿ ವಿಶೇಷವಾಗಿ ಉಲ್ಲೇಖನೀಯ. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ನೇಮಕಗೊಂಡರು. ಈ ಏರ್ಪಾಡಿನ ತಿರುಳು ಯಾವುದೆಂದರೆ, ಗ್ರಾಮೀಣ ಕಾರ್ಯಕರ್ತರು ಸ್ವತಃ ವಿಕಲಚೇತನರು, ಮತ್ತು ಅಲ್ಲಿಯವರೇ. ಮನೆಮನೆಗೆ ಹೋಗಿ ಗಣತಿ ಮಾಡುವುದು, ಪ್ರಮಾಣಪತ್ರ ಮತ್ತು ಗುರುತಿನ ಚೀಟಿಗೆ ಅರ್ಜಿ ತುಂಬಿಸುವುದು, ಮಾಸಾಶನದ ತೊಡಕುಗಳನ್ನು ಬಿಡಿಸುವುದು, ಸ್ವಸಹಾಯ ಸಂಘ ಕಟ್ಟಿಸುವುದು, ಪಂಚಾಯಿತಿಯು ತನ್ನ ಸ್ವಂತ ವರಮಾನದಲ್ಲಿ ನೂರಕ್ಕೆ 5ನ್ನು ವಿಕಲಚೇತನರಿಗಾಗಿ ವ್ಯಯಿಸಬೇಕೆಂಬ ನಿಯಮವನ್ನು ನೆನಪಿಸುವುದು ಇವೆಲ್ಲ ಅವರ ಕೆಲಸ. ಊರುಗೋಲು ಹಿಡಿದು ಬಾಗಿಲಿಗೆ ಬಂದ ಕಾರ್ಯಕರ್ತೆಯು 'ನೀನೂ ದುಡಿಯಬಹುದು, ತಂಗಿ' ಎಂದಾಗ, ಆ ಮಾತಿಗೆ ಕರಪತ್ರದ ಮಾತಿಗಿಲ್ಲದ ತೂಕ ಬರುತ್ತದೆ. ಹೇಳುವವಳೇ ಅದಕ್ಕೆ ಪ್ರಮಾಣ.

5. ಕೆಲಸವನ್ನು ಬಿಡಿಸಿ ನೋಡುವ ವಿಧಾನ

ನಮ್ಮ ನಿದರ್ಶನಕ್ಕೆ ಮರಳೋಣ. ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಒಬ್ಬ ಸಹಾಯಕ ಬೇಕಾಗಿದ್ದಾನೆಂದು ಇಟ್ಟುಕೊಳ್ಳೋಣ. ಹಾಲು ಅಳೆಯಬೇಕು, ಕೊಬ್ಬಿನ ಅಂಶ ಪರೀಕ್ಷಿಸಬೇಕು, ಪುಸ್ತಕದಲ್ಲಿ ಬರೆಯಬೇಕು, ತುಂಬಿದ ಕ್ಯಾನುಗಳನ್ನು ಎತ್ತಿ ವಾಹನಕ್ಕೆ ಹಾಕಬೇಕು. ಕಾರ್ಯದರ್ಶಿಯ ದೃಷ್ಟಿಯಲ್ಲಿ ಇದೆಲ್ಲ ಒಂದೇ ಕೆಲಸ. ಆದುದರಿಂದ ಕ್ಯಾನು ಎತ್ತಲಾರದವಳು ಅನರ್ಹಳು. ಬಲ್ಲವರು ಇದನ್ನು ನಾಲ್ಕು ಕೆಲಸಗಳಾಗಿ ಬಿಡಿಸುತ್ತಾರೆ. ಮೂರನ್ನು ಯುವತಿ ಇತರರಷ್ಟೇ, ಬಹುಶಃ ಇತರರಿಗಿಂತ ಶಿಸ್ತಾಗಿ, ಮಾಡಬಲ್ಲಳು. ನಾಲ್ಕನೆಯದನ್ನು ಬೆಳಗ್ಗೆ, ಸಂಜೆ ಹತ್ತು ನಿಮಿಷ ಬೇರೊಬ್ಬರು ಮಾಡಬಹುದು. ಒಂದು ಎತ್ತರದ ಕುರ್ಚಿ, ಒಂದು ಮಾತುಕತೆ: ಕಾಯಿದೆ ಹೇಳುವ ಯುಕ್ತ ಹೊಂದಾಣಿಕೆಯೆಂದರೆ ಹಳ್ಳಿಯಲ್ಲಿ ಇಷ್ಟೇ. ಆದರೆ ಈ ಮಾತುಕತೆಯನ್ನು ಆಡಲು ಸಂಘದ ಕಾರ್ಯದರ್ಶಿಯನ್ನೂ ಯುವತಿಯ ತಂದೆಯನ್ನೂ ಬಲ್ಲವರೊಬ್ಬರು ಬೇಕು. ರಾಜಧಾನಿಯಲ್ಲಿರುವ ಅಧಿಕಾರಿ ಎಷ್ಟೇ ದಕ್ಷನಾದರೂ ಇದನ್ನು ಮಾಡಲಾರನು.

2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ಕಾಮಗಾರಿಗಳಲ್ಲಿಯೂ ಇದೇ ವಿವೇಕವನ್ನು ಅನುಸರಿಸಲಾಗಿದ್ದಿತು. ಕುಡಿಯುವ ನೀರು ಕೊಡುವುದು, ಕೂಲಿಗೆ ಬಂದ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವುದು ಮೊದಲಾದುವನ್ನು ವಿಕಲಚೇತನರಿಗೆ ಒಪ್ಪಿಸಬಹುದೆಂದು ಮಾರ್ಗಸೂಚಿಯಲ್ಲಿ ಹೇಳಿದ್ದಿತು; ಕರ್ನಾಟಕದಲ್ಲಿ ಅವರಿಗೆ ಕೆಲಸದ ಪ್ರಮಾಣದಲ್ಲಿ ಅರ್ಧದಷ್ಟು ರಿಯಾಯಿತಿಯನ್ನು, ಕೂಲಿಯನ್ನು ಕಡಿಮೆ ಮಾಡದೆ, ಕೊಡಲಾಗುತ್ತಿದ್ದಿತು.

ತರಬೇತಿಯ ಕ್ರಮವನ್ನು ಕುರಿತು ಒಂದು ಮಾತು. ಮೊದಲು ವರ್ಷಗಟ್ಟಲೆ ತರಬೇತಿ, ಆಮೇಲೆ ಕೆಲಸ ಎಂಬುದು ಹಳೆಯ ಪದ್ಧತಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ಎಂಬವರು 1990ರ ದಶಕದಲ್ಲಿ ಇದನ್ನು ತಿರುಗಿಸಿದರು. ತೀವ್ರ ಮಾನಸಿಕ ಕಾಯಿಲೆಯವರಿಗೆ ಅವರು ಬಯಸುವ ನಿಜವಾದ ಕೆಲಸವನ್ನೇ ಬೇಗ ದೊರಕಿಸಿ, ಕೆಲಸದಲ್ಲಿರುವಾಗಲೇ ಬೆಂಬಲವನ್ನು ಮುಂದುವರಿಸುವುದು ಅವರ ವಿಧಾನ. ಇದು ಹಳೆಯ ಪದ್ಧತಿಗಿಂತ ಬಹಳ ಹೆಚ್ಚು ಮಂದಿಯನ್ನು ಉದ್ಯೋಗಕ್ಕೆ ತಲುಪಿಸಿತೆಂದು ಅನೇಕ ಪ್ರಯೋಗಗಳಿಂದ ಸಿದ್ಧವಾಗಿದೆ. ಕೆಲಸ ಕೊಡಿಸಿದ ದಿನ ನೆರವು ಮುಗಿಯಬಾರದು, ಅಂದಿನಿಂದ ಅದರ ಎರಡನೆಯ ಭಾಗ ಆರಂಭವಾಗಬೇಕು ಎಂಬುದೇ ಇದರ ಪಾಠ. ಬೆಂಗಳೂರಿನಲ್ಲಿ 1959ರಲ್ಲಿ, ಸ್ವತಃ ಗಾಲಿಕುರ್ಚಿಯನ್ನವಲಂಬಿಸಿದ್ದ ಎನ್. ಎಸ್. ಹೇಮಾ ಅವರು ಸ್ಥಾಪಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಎಂಬ ಸಂಸ್ಥೆ, 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಎಂಬ ಸಂಸ್ಥೆ ಮುಂತಾದುವು ವಿಕಲಚೇತನರಿಗೂ ಕೆಲಸ ಕೊಡುವವರಿಗೂ ನಡುವೆ ನಿಂತು ಮಾಡುತ್ತ ಬಂದಿರುವ ಕಾರ್ಯವೂ ನಗರದ ಮಟ್ಟದಲ್ಲಿ ಇಂಥದೇ.

6. ಕೊಡುವ ಹಕ್ಕು

ಸಂಪಾದನೆಯ ಕೆಲಸದಷ್ಟೇ ಮುಖ್ಯವಾದ, ಆದರೆ ಚರ್ಚೆಗೆ ಬಾರದ, ಇನ್ನೊಂದು ವಿಷಯವಿದೆ. ಅದು ಸ್ವಯಂಸೇವೆ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಜೋಡಿಯಾಗಿ ಹೇಳಿದರು: ದುಡಿದು ಪಡೆಯುವುದು, ಪಡೆದುದನ್ನು ಸಮಾಜಕ್ಕೆ ಅರ್ಪಿಸುವುದು. ಕಾಯಕವಿಲ್ಲದವನಿಗೆ ದಾಸೋಹದ ಅಧಿಕಾರವೂ ಜಾರಿಹೋಗುತ್ತದೆ. ನಮ್ಮ ಸಮಾಜವು ವಿಕಲಚೇತನರನ್ನು ಯಾವಾಗಲೂ ಕೈನೀಡಿ ಪಡೆಯುವವರೆಂದೇ ಭಾವಿಸಿದೆ. ಅವರ ಕೈಯೂ ಕೊಡಬಲ್ಲದೆಂದು ಅಪರೂಪವಾಗಿ ನೆನೆಯುತ್ತದೆ. ಜಾತ್ರೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಸಂಘದ ಸಭೆಯಲ್ಲಿ ಅವರಿಗೆ ಮುಂದಿನ ಸಾಲಿನ ಕುರ್ಚಿ ದೊರೆತೀತು, ಜವಾಬ್ದಾರಿ ದೊರೆಯುವುದಿಲ್ಲ.

ಇದು ಕೇವಲ ಗೌರವದ ಪ್ರಶ್ನೆಯಲ್ಲ. ಸೇವಾಕಾರ್ಯದಲ್ಲಿ ಜನರ ಪರಿಚಯವಾಗುತ್ತದೆ, ವೇಳೆಗೆ ಸರಿಯಾಗಿ ಬರುವ ಅಭ್ಯಾಸವಾಗುತ್ತದೆ, 'ಇವಳು ಮಾಡಬಲ್ಲಳು' ಎಂದು ಊರಿಗೆ ಗೊತ್ತಾಗುತ್ತದೆ. ಪಂಚಾಯಿತಿಯ ಗ್ರಂಥಾಲಯದಲ್ಲಿ ಸಂಜೆ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳನ್ನು ನಾಳೆ ಸಹಕಾರ ಸಂಘದವರು ಕರೆಯುವ ಸಂಭವ ಹೆಚ್ಚು. ಆದರೆ ಎಚ್ಚರಿಕೆಯೊಂದನ್ನು ಹೇಳದೆ ಬಿಡುವಂತಿಲ್ಲ: ಇತರರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ವಿಕಲಚೇತನರಿಂದ ಸೇವೆಯ ಹೆಸರಿನಲ್ಲಿ ಪುಕ್ಕಟೆಯಾಗಿ ಮಾಡಿಸಿಕೊಳ್ಳುವುದು ಸೇವೆಯಲ್ಲ, ಶೋಷಣೆ.

7. ಒಂದು ಆಕ್ಷೇಪವೂ ಒಂದು ವಿಪರ್ಯಾಸವೂ

ದೃಢಕಾಯರಾದ ಪದವೀಧರರಿಗೇ ಕೆಲಸವಿಲ್ಲದಿರುವಾಗ ಇವರಿಗಾಗಿ ಇಷ್ಟು ಶ್ರಮ, ಇಷ್ಟು ವೆಚ್ಚ ಏಕೆಂದು ಕೇಳುವವರುಂಟು. ಕೆಲಸಗಳ ಅಭಾವ ನಿಜವಾದುದೇ. ಆದರೆ ಅಭಾವವನ್ನು ಹಂಚಿಕೊಳ್ಳುವಾಗ ಒಂದೇ ವರ್ಗವನ್ನು ಸಾಲಿನಿಂದಲೇ ಹೊರಗಿಡುವುದಕ್ಕೆ ನ್ಯಾಯದ ಆಧಾರವಿಲ್ಲ. ವೆಚ್ಚವನ್ನು ಲೆಕ್ಕಿಸುವವರು, ಒಬ್ಬರು ಮನೆಯಲ್ಲಿ ಕುಳಿತುದರಿಂದ ಆಗುವ ನಷ್ಟವನ್ನೂ, ಅವರನ್ನು ನೋಡಿಕೊಳ್ಳಲು ಇನ್ನೊಬ್ಬರು ದುಡಿಮೆ ಬಿಟ್ಟುದರಿಂದ ಆಗುವ ನಷ್ಟವನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅಪಘಾತ, ಕಾಯಿಲೆ, ವೃದ್ಧಾಪ್ಯಗಳ ಮೂಲಕ ಈ ವರ್ಗಕ್ಕೆ ಯಾರು ಬೇಕಾದರೂ ಯಾವಾಗ ಬೇಕಾದರೂ ಸೇರಬಹುದೆಂಬುದನ್ನು ಮರೆಯಬಾರದು.

ಆಕ್ಷೇಪಕ್ಕಿಂತ ನಮ್ಮನ್ನು ಹೆಚ್ಚು ಕಾಡಬೇಕಾದುದು ವಿಪರ್ಯಾಸ. ಇತರರಿಗೆ ದುಡಿಮೆಯ ದಾರಿ ತೋರಿಸುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಆರಂಭದಿಂದಲೂ ಸಂಬಳಕ್ಕಲ್ಲದೆ ಗೌರವಧನಕ್ಕೆ ನೇಮಿಸಲಾಗಿದೆ. ಸೇವೆಯನ್ನು ಕಾಯಂ ಮಾಡಬೇಕೆಂದು ಅವರು ಮತ್ತೆ ಮತ್ತೆ ಕೇಳಿಕೊಂಡಿದ್ದಾರೆ. ವಿಕಲಚೇತನರ ದುಡಿಮೆಯೂ ದುಡಿಮೆಯೇ ಎಂದು ಜಗತ್ತಿಗೆ ಸಾರಬೇಕಾದ ವ್ಯವಸ್ಥೆಯು ತನ್ನೊಳಗೆ ದುಡಿಯುವ ವಿಕಲಚೇತನರಿಗೆ ಅದೇ ಮಾತನ್ನು ಪೂರ್ಣವಾಗಿ ಅನ್ವಯಿಸದೆ ಹೋದರೆ, ಸೇತುವೆಯನ್ನು ಕಟ್ಟಿ ಅದರ ಕಂಬಗಳಿಗೆ ಸುಣ್ಣವಿಕ್ಕದಂತಾಗುತ್ತದೆ. ಸ್ಥಳೀಯ ನೆರವಿನ ಸುಧಾರಣೆ ಆರಂಭವಾಗಬೇಕಾದುದು ಈ ಕಾರ್ಯಕರ್ತರಿಗೆ ನಿಶ್ಚಿತವಾದ ವೇತನ, ಕ್ರಮವಾದ ಶಿಕ್ಷಣ, ಪ್ರಯಾಣದ ಅನುಕೂಲ ಇವುಗಳನ್ನು ಒದಗಿಸುವುದರಿಂದ ಎಂದು ನಮ್ಮ ಅಭಿಪ್ರಾಯ.

8. ಕಾಲೇಜುಗಳ ಕರ್ತವ್ಯ

ಈ ವಿಚಾರವು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಏಕೆ ಸಂಬಂಧಿಸಿದುದೆಂದು ಹೇಳಿ ಮುಗಿಸುತ್ತೇವೆ. ರಾಷ್ಟ್ರೀಯ ಸೇವಾ ಯೋಜನೆಯು 1969ರಿಂದ ನಮ್ಮ ಕಾಲೇಜುಗಳಲ್ಲಿ ನಡೆದುಬಂದಿದೆ. ಅದರ ಶಿಬಿರಗಳು ಹಳ್ಳಿಗಳಿಗೆ ಹೋದಾಗ ರಸ್ತೆ, ಚರಂಡಿಗಳ ಕೆಲಸದೊಡನೆ ಅಲ್ಲಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಅವರೊಡನೆ ಮನೆಮನೆಗೆ ನಡೆದು, ಅರ್ಜಿ ತುಂಬುವುದರಲ್ಲಿ ಒಂದೆರಡು ದಿನ ನೆರವಾಗುವುದು ಕಷ್ಟವಲ್ಲ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಸಮಾಜಕಾರ್ಯಗಳ ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನ ಸಣ್ಣ ಉದ್ಯೋಗಗಳನ್ನು, ಹಾಲಿನ ಸಂಘ, ನ್ಯಾಯಬೆಲೆ ಅಂಗಡಿ, ಹೊಲಿಗೆಯ ಅಂಗಡಿ ಇಂತಹುವನ್ನು, ಮೇಲೆ ತೋರಿಸಿದಂತೆ ಭಾಗಭಾಗವಾಗಿ ಬಿಡಿಸಿ ಯಾವ ಭಾಗವನ್ನು ಯಾರು ಮಾಡಬಲ್ಲರೆಂದು ಪಟ್ಟಿ ಮಾಡಿದರೆ, ಅದು ಪ್ರಬಂಧವೂ ಆಗುತ್ತದೆ, ಉಪಯೋಗಕ್ಕೂ ಬರುತ್ತದೆ.

ಇವೆಲ್ಲಕ್ಕೂ ಮೊದಲು ಪ್ರತಿಯೊಂದು ಕಾಲೇಜೂ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ನಮ್ಮ ತರಗತಿಯಲ್ಲಿ ಕುಳಿತಿರುವ ಅಂಧ ವಿದ್ಯಾರ್ಥಿಯನ್ನು, ಕಿವುಡ ವಿದ್ಯಾರ್ಥಿನಿಯನ್ನು ಸೇವಾ ಶಿಬಿರಕ್ಕೆ ನಾವು ಕರೆದಿದ್ದೇವೆಯೆ? ಕರೆದಿದ್ದರೆ ಯಾವ ಕೆಲಸವನ್ನು ಒಪ್ಪಿಸಿದ್ದೇವೆ? 'ಪಾಪ, ಅವರಿಗೇಕೆ ತೊಂದರೆ' ಎಂದು ಬಿಟ್ಟಿದ್ದರೆ, ಮೊದಲಿನ ಹೊಸ್ತಿಲನ್ನು ಕಟ್ಟಿದವರು ನಾವೇ. ಆ ನೂರರಲ್ಲಿ ಎಪ್ಪತ್ತಾರು ಮಂದಿ ಹುಡುಕುವುದನ್ನು ಬಿಟ್ಟದ್ದು ಒಂದೇ ದಿನದಲ್ಲಲ್ಲ. ಇಂತಹ ಮರುಕದ ಮಾತುಗಳನ್ನು ಕೇಳಿ ಕೇಳಿ. ಅವರನ್ನು ಮರಳಿ ಕರೆಯುವ ಕೆಲಸವೂ ಅಷ್ಟೇ ಸಮೀಪದಿಂದ, ನಮ್ಮ ನಮ್ಮ ಬಾಗಿಲಿನಿಂದ, ಆರಂಭವಾಗತಕ್ಕದ್ದು.